ಕರೆಂಟು ಕೊಡೋದು 35 ದಿನ; ಒಂದು ದಿನ ತಪ್ಪಿಸಿದರೂ ಲೆಕ್ಕ ತಪ್ಪುತ್ತೆ!

ಶಿವಮೊಗ್ಗ: ರಾತ್ರಿ ಹತ್ತರ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸುಗಳು ಸಾಲಾಗಿ ನಿಂತಾಗ ಒಂದು ಬಗೆಯ ಪ್ರಯಾಣಿಕರನ್ನು ಕಂಡಕ್ಟರುಗಳು ದೂರದಿಂದಲೇ ಗುರುತು ಹಿಡಿಯುತ್ತಾರೆ. ಸೆಖೆಯಲ್ಲೂ ಕುತ್ತಿಗೆಗೆ ಮಫ್ಲರು. ಕಂಕುಳಲ್ಲಿ ಸ್ಕ್ಯಾನ್ ಫಿಲ್ಮಿನ ದೊಡ್ಡ ಕವರು. ಜೊತೆಗೆ ಹೆಂಡತಿಯೋ ಅಳಿಯನೋ ಒಬ್ಬರು. ಮಾತು ಕಡಿಮೆ, ಆಡಿದರೂ ಗೊಗ್ಗರು ದನಿ.

"ಎಲ್ಲಿಗೆ ಯಜಮಾನ್ರೆ?"

"ಕಿದ್ವಾಯಿಗಪ್ಪ."

ಅಷ್ಟೇ. ಕಂಡಕ್ಟರು ಮುಂದೆ ಕೇಳುವುದಿಲ್ಲ. ಕಿಟಕಿ ಪಕ್ಕದ ಸೀಟು ಬಿಡಿಸಿ ಕೊಡುತ್ತಾನೆ. 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರು ಮಲೆನಾಡಿನ ಬಾಯಲ್ಲಿ ಆಸ್ಪತ್ರೆಯ ಹೆಸರಾಗಿ ಉಳಿದಿಲ್ಲ, ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ಆ ಇನ್ನೊಂದು ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಾಗೆ ಹೋದವರು ತಿಂಗಳೆರಡು ತಿಂಗಳು ಬಿಟ್ಟು ಊರಿಗೆ ಬಂದರೆ ಹೋಟೆಲು ಕಟ್ಟೆಗಳಲ್ಲಿ ಮಾತು ಶುರು. "ಕರೆಂಟು ಕೊಟ್ರಂತೆ ಕಣೋ." "ಬಾಯೆಲ್ಲ ಸುಟ್ಟುಹೋಗಿದೆಯಂತೆ, ಅನ್ನ ಸೇರಲ್ವಂತೆ." "ಇಲ್ಲ ಮಾರಾಯ, ಈಗ ಹೊಸ ಮಿಷನ್ನು ಬಂದಿದೆ. ಗಂಟು ಇರೋ ಕಡೆ ಮಾತ್ರ ಹೊಡೆಯುತ್ತೆ, ಬೇರೆ ಕಡೆ ಒಂದು ಕೂದಲೂ ಅಲ್ಲಾಡಲ್ಲ." ಒಬ್ಬ ಹೆದರಿಸುವವ, ಇನ್ನೊಬ್ಬ ಆಕಾಶಕ್ಕೆ ಏಣಿ ಹಾಕುವವ. ಇಬ್ಬರ ಮಾತಿನಲ್ಲೂ ಅರ್ಧ ನಿಜ, ಅರ್ಧ ಗಾಳಿ. ಈ ಅರ್ಧ ಗಾಳಿಯಿಂದಲೇ ಕೆಲವರು ಆಸ್ಪತ್ರೆಗೆ ಹೋಗುವುದಿಲ್ಲ, ಇನ್ನು ಕೆಲವರು ಹೋಗಿ ಅರ್ಧಕ್ಕೇ ವಾಪಸು ಬರುತ್ತಾರೆ. ಎರಡರಲ್ಲೂ ನಷ್ಟ ಪ್ರಾಣಕ್ಕೆ.

ಹೆಸರು ಕರೆಂಟು, ಶಾಕ್ ಮಾತ್ರ ಇಲ್ಲ

ಜನ ಕರೆಂಟು ಅಂತಾರೆ, ಕೆಲವರು ಲೈಟು ಅಂತಾರೆ, ಕನ್ನಡ ಪುಸ್ತಕಗಳಲ್ಲಿ ವಿಕಿರಣ ಚಿಕಿತ್ಸೆ. ಮೈಗೆ ವಿದ್ಯುತ್ ಹಾಯಿಸುವುದಂತೂ ಅಲ್ಲ. 1895ರಲ್ಲಿ ಜರ್ಮನಿಯ ರಾಂಟ್ಜೆನ್ ಕಂಡುಹಿಡಿದ ಎಕ್ಸ್‌ರೇ ಇದೆಯಲ್ಲ, ಅದರ ಅಣ್ಣ ಇದು. ಕೈ ಮುರಿದಾಗ ಫೋಟೋ ತೆಗೆಯುವ ಕಿರಣಕ್ಕಿಂತ ಬಹಳ ಜಾಸ್ತಿ ಶಕ್ತಿ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರದಿಂದ ರೋಗಿಗಳಿಗೆ ಕಿರಣ ಕೊಡಲು ಶುರುಮಾಡಿದರು. 1953ರಲ್ಲಿ ಲಂಡನ್ನಿನಲ್ಲಿ ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರ ಬಂತು. ಕೋಬಾಲ್ಟಿನಲ್ಲಿ ಉರಿಯುವ ಮೂಲ ಇರುತ್ತದೆ, ಐದು ಕಾಲು ವರ್ಷಕ್ಕೆ ಅದರ ಕಸುವು ಅರ್ಧಕ್ಕಿಳಿಯುತ್ತದೆ. ಹಳತಾದಷ್ಟೂ ರೋಗಿ ಹೆಚ್ಚು ಹೊತ್ತು ಮಲಗಬೇಕು. ಆಕ್ಸಿಲರೇಟರ್ ಹಾಗಲ್ಲ, ಸ್ವಿಚ್ ಹಾಕಿದರೆ ಕಿರಣ, ತೆಗೆದರೆ ಏನೂ ಇಲ್ಲ.

ಕಿರಣ ಬಿದ್ದಾಗ ನೋವಿಲ್ಲ, ಬಿಸಿ ಇಲ್ಲ, ವಾಸನೆಯೂ ಇಲ್ಲ. ಜೀವಕೋಶದ ಒಳಗಿನ ಡಿ.ಎನ್.ಎ. ಎಳೆಯನ್ನು ಅದು ಕಡಿಯುತ್ತದೆ. ಆರೋಗ್ಯವಂತ ಕೋಶ ರಾತ್ರಿ ಬೆಳಗಾಗುವುದರೊಳಗೆ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರಿನ ಕೋಶಕ್ಕೆ ಆ ರಿಪೇರಿ ಕೆಲಸ ಅಷ್ಟು ಚೆನ್ನಾಗಿ ಬರುವುದಿಲ್ಲ. ಒಂದೇ ದಿನ ಎಲ್ಲ ಕೊಟ್ಟು ಮುಗಿಸದೆ ದಿನಕ್ಕಿಷ್ಟು ಅಂತ ತಿಂಗಳುಗಟ್ಟಲೆ ಕೊಡುವುದು ಇದೇ ಕಾರಣಕ್ಕೆ.

ಇನ್ನೊಂದು ಭಯ ಇದೆ. ಕರೆಂಟು ಹಾಕಿಸಿಕೊಂಡು ಬಂದ ಅಜ್ಜನ ಹತ್ತಿರ ಮಕ್ಕಳನ್ನು ಬಿಡಬಾರದಂತೆ, ಮೈಯಿಂದ ಕಿರಣ ಹೊರಡುತ್ತಂತೆ! ಹೊರಗಿನಿಂದ ಯಂತ್ರದಲ್ಲಿ ಕೊಡುವ ಈ ಚಿಕಿತ್ಸೆಯಲ್ಲಿ ಅಂಥದ್ದೇನೂ ಇಲ್ಲ. ಯಂತ್ರ ಆರಿಸಿದ ಕ್ಷಣ ಎಲ್ಲ ಆರಿತು. ಅಜ್ಜ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಬಹುದು. ಆ ಬಡಪಾಯಿಗೆ ಆಗ ಬೇಕಾಗಿರುವುದೂ ಅದೇ.

ಗದ್ದೆಗೆ ನೀರು ಬಿಟ್ಟಂತೆ ಇತ್ತು, ಗೊನೆಗೆ ಔಷಧಿ ಹೊಡೆದಂತೆ ಆಯ್ತು

ಹಳೆಯ ಪದ್ಧತಿಯಲ್ಲಿ ಕುತ್ತಿಗೆಯ ಎಡಗಡೆಯಿಂದೊಮ್ಮೆ, ಬಲಗಡೆಯಿಂದೊಮ್ಮೆ ಚೌಕಾಕಾರದ ದೊಡ್ಡ ಕಿರಣ ಬಿಡುತ್ತಿದ್ದರು. ಗದ್ದೆಯ ಮೂಲೆಯ ಸಸಿಗೆ ನೀರು ಬೇಕೆಂದು ಬದು ಕಡಿದರೆ ಇಡೀ ಗದ್ದೆ ತುಂಬುವುದಿಲ್ಲವೇ, ಹಾಗೆ. ಗಂಟಿಗೂ ಬಿತ್ತು, ದವಡೆಗೂ ಬಿತ್ತು, ಕಿವಿಯ ಬುಡದಲ್ಲಿ ಎರಡೂ ಕಡೆ ಇರುವ ಜೊಲ್ಲಿನ ಗ್ರಂಥಿಗಳಿಗೂ ಬಿತ್ತು.

ಜೊಲ್ಲು ಅಂದರೆ ಜನಕ್ಕೆ ಅಸಡ್ಡೆ. ಅದು ಹೋದ ಮೇಲೆಯೇ ಅದರ ಬೆಲೆ ಗೊತ್ತಾಗುವುದು. ಆರೋಗ್ಯವಂತ ಮನುಷ್ಯನ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಊಟ ಮಾಡುವಾಗ ಊರುವುದರಲ್ಲಿ ದೊಡ್ಡ ಪಾಲು ಕಿವಿ ಬುಡದ ಆ ಎರಡು ಗ್ರಂಥಿಗಳದ್ದು. ಅವು ಬತ್ತಿದರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಪ್ರತಿ ತುತ್ತಿಗೂ ನೀರಿನ ಲೋಟ. ರಾತ್ರಿ ನಾಲಿಗೆ ಅಂಗುಳಿಗೆ ಅಂಟಿ ಎಚ್ಚರ. ಹಲ್ಲುಗಳು ಬುಡದಿಂದ ಕೊಳೆಯುತ್ತವೆ. ಕಾಯಿಲೆ ವಾಸಿಯಾಗಿದ್ದರೂ ಮದುವೆ ಮನೆಯ ಪಂಕ್ತಿಯಲ್ಲಿ ಕೂರಲು ಸಂಕೋಚ. ಹಳೇ ಪದ್ಧತಿಯಲ್ಲಿ ಗುಣವಾದ ಎಷ್ಟೋ ಜನ ಹೀಗೇ ನೀರಿನ ಬಾಟಲಿ ಹಿಡಿದುಕೊಂಡೇ ಉಳಿದ ಬದುಕು ನೂಕಿದ್ದಾರೆ.

ಹೊಸ ಪದ್ಧತಿಯ ಹೆಸರು ಐ.ಎಂ.ಆರ್.ಟಿ. ಅಡಿಕೆ ತೋಟದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವ ಕೊನೆಗಾರನನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆತ ಇಡೀ ಮರ ತೋಯಿಸುವುದಿಲ್ಲ. ಗೊನೆ ಎಲ್ಲಿದೆಯೋ ಅಲ್ಲಿಗೆ ಗುರಿಯಿಟ್ಟು, ಆ ಕಡೆಯಿಂದಷ್ಟು ಈ ಕಡೆಯಿಂದಷ್ಟು ಹೊಡೆಯುತ್ತಾನೆ. ಈ ಯಂತ್ರವೂ ಹಾಗೇ. ಕಿರಣ ಒಂದೆರಡು ದಿಕ್ಕಿನಿಂದ ಬರುವ ಬದಲು ಐದು, ಏಳು, ಒಂಬತ್ತು ದಿಕ್ಕಿನಿಂದ ಬರುತ್ತದೆ. ಈಚಿನ ಯಂತ್ರಗಳಲ್ಲಾದರೆ ಯಂತ್ರದ ತಲೆ ರೋಗಿಯ ಸುತ್ತ ತಿರುಗುತ್ತಲೇ ಕಿರಣ ಬಿಡುತ್ತದೆ. ಕಿರಣದ ದಾರಿಗೆ ಅಡ್ಡವಾಗಿ ಟಂಗ್‌ಸ್ಟನ್ ಲೋಹದ ತೆಳು ಪಟ್ಟಿಗಳು ಹಲ್ಲಿನ ಸಾಲಿನಂತೆ ಎದುರು ಬದುರು ಕೂತಿರುತ್ತವೆ. ಕಂಪ್ಯೂಟರ್ ಹೇಳಿದಂತೆ ಅವು ಒಳಕ್ಕೆ ಹೊರಕ್ಕೆ ಸರಿಯುತ್ತ, ಒಂದು ಕಡೆ ಕಿರಣವನ್ನು ದಟ್ಟ ಮಾಡಿ ಇನ್ನೊಂದು ಕಡೆ ತೆಳು ಮಾಡುತ್ತವೆ. ಎಲ್ಲ ದಿಕ್ಕಿನ ಕಿರಣ ಸೇರಿದ ಕಡೆ ಗಂಟಿನ ಆಕಾರದಲ್ಲೇ ಪೂರಾ ಡೋಸು. ಅಲ್ಲಿಂದ ಆಚೆ ಕೆಲವೇ ಮಿಲಿಮೀಟರಿನಲ್ಲಿ ಡೋಸು ಇಳಿಯುತ್ತದೆ.

ಕಿರಣ ಅಳೆಯುವ ಮಾಪನಕ್ಕೆ ಗ್ರೇ ಅಂತ ಹೆಸರು. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಇಲ್ಲದೆ ಕಿರಣದಿಂದಲೇ ಚಿಕಿತ್ಸೆ ಅಂದರೆ ಸಾಮಾನ್ಯವಾಗಿ 70 ಗ್ರೇ. ದಿನಕ್ಕೆ 2ರಂತೆ 35 ಸಲ, ವಾರಕ್ಕೆ ಐದು ದಿನ, ಒಟ್ಟು ಏಳು ವಾರ. ಬಾಯಿಯ ಕ್ಯಾನ್ಸರಿಗೆ ಬಹುಮಟ್ಟಿಗೆ ಮೊದಲು ಆಪರೇಷನ್, ಆಮೇಲೆ ಬೇಕಾದವರಿಗೆ ಆರು ವಾರದಲ್ಲಿ 60 ಗ್ರೇ. ಬೆನ್ನುಹುರಿ ತಡೆದುಕೊಳ್ಳುವುದು 45ರಿಂದ 50ರವರೆಗೆ ಮಾತ್ರ. ಕಿವಿ ಬುಡದ ಗ್ರಂಥಿಗೆ ಸರಾಸರಿ 26 ಗ್ರೇ ದಾಟಿದರೆ ಅದು ಚೇತರಿಸಿಕೊಳ್ಳುವುದು ಕಷ್ಟ. ಗಂಟಿಗೆ 70, ಬೆರಳಿನಷ್ಟು ದೂರದ ಗ್ರಂಥಿಗೆ 26ರ ಒಳಗೆ: ಇಡೀ ಕಸರತ್ತು ಇರುವುದು ಇದರಲ್ಲಿ.

ಬಿಸಿನೀರಿನಲ್ಲಿ ಅದ್ದಿದ ಮುಖವಾಡ

ಗುರಿ ಇಷ್ಟು ಸೂಕ್ಷ್ಮವಾದ ಮೇಲೆ ರೋಗಿ ಕದಲುವಂತಿಲ್ಲ. ಅದಕ್ಕೇ ಮುಖವಾಡ. ಜಾಲರಿಯಂಥ ತೂತುಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿದರೆ ಹಸಿ ಹಪ್ಪಳದಂತೆ ಮೆತ್ತಗಾಗುತ್ತದೆ. ಅದನ್ನು ಮಲಗಿದವನ ಮುಖ, ಕುತ್ತಿಗೆ, ಕೆಲವು ಸಲ ಭುಜದವರೆಗೂ ಎಳೆದು ಕೂರಿಸುತ್ತಾರೆ. ಕೆಲವು ನಿಮಿಷದಲ್ಲಿ ಆರಿ ಗಟ್ಟಿಯಾಗುತ್ತದೆ. ಮೂಗು, ಗಲ್ಲ, ಹಣೆ ಎಲ್ಲದರ ಅಚ್ಚು ತಯಾರು. ಅಂದಿನಿಂದ ಪ್ರತಿದಿನ ಅದೇ ಮುಖವಾಡ ತೊಡಿಸಿ ಮೇಜಿಗೆ ಕ್ಲಿಪ್ ಹಾಕುತ್ತಾರೆ.

ಮೊದಲ ದಿನ ಎಂಥ ಗಟ್ಟಿಗನಿಗೂ ಉಸಿರು ಕಟ್ಟಿದಂತಾಗುತ್ತದೆ. ಉಸಿರಾಡಲು ತೊಂದರೆಯೇನಿಲ್ಲ, ತೂತುಗಳಿವೆ. ಆದರೆ ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಹೋದರು, ತಲೆ ಅಲ್ಲಾಡಿಸುವಂತಿಲ್ಲ ಅಂದಾಗ ಎದೆ ಹೊಡೆದುಕೊಳ್ಳುತ್ತದೆ. ಹೊರಗಿನವರು ಕ್ಯಾಮರಾದಲ್ಲಿ ನೋಡುತ್ತಲೇ ಇರುತ್ತಾರೆ. ಕೈ ಎತ್ತಿದರೆ ಯಂತ್ರ ನಿಲ್ಲಿಸಿ ಒಳಗೆ ಬರುತ್ತಾರೆ. ಇದೊಂದು ಮಾತು ಮೊದಲೇ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ.

ಮುಖವಾಡ ಹಾಕಿದ ಸ್ಥಿತಿಯಲ್ಲೇ ಸಿ.ಟಿ. ಸ್ಕ್ಯಾನ್. ಕುತ್ತಿಗೆಯನ್ನು ಮೂರು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳಗಿನ ಹೋಳುಗಳಾಗಿ ಕಂಪ್ಯೂಟರಿನಲ್ಲಿ ತೋರಿಸುತ್ತದೆ. ಒಂದೊಂದು ಹೋಳಿನ ಮೇಲೂ ಡಾಕ್ಟರು ಗೆರೆ ಎಳೆಯಬೇಕು: ಇದು ಗಂಟು, ಇದು ರೋಗ ಹರಡಿರಬಹುದಾದ ಜಾಗ, ಇದು ಬೆನ್ನುಹುರಿ, ಇದು ಗ್ರಂಥಿ, ಇವು ನುಂಗುವ ಸ್ನಾಯುಗಳು. ಆಮೇಲೆ ಫಿಸಿಸಿಸ್ಟ್ ಎಂಬ ಭೌತವಿಜ್ಞಾನಿ ಕೂತು ಕಂಪ್ಯೂಟರಿನ ಜೊತೆ ಲೆಕ್ಕ ಹಾಕುತ್ತಾರೆ. ತಯಾರಾದ ಲೆಕ್ಕವನ್ನು ರೋಗಿಗೆ ಕೊಡುವ ಮೊದಲು ಯಂತ್ರದ ಕೆಳಗೆ ಒಂದು ಗೊಂಬೆದಿಮ್ಮಿಯ ಮೇಲೆ ಬಿಟ್ಟು ಅಳೆದು ನೋಡುತ್ತಾರೆ. "ಡಾಕ್ಟ್ರು ಅಡ್ಮಿಟ್ ಮಾಡ್ಕೊಂಡು ಒಂದು ವಾರ ಸುಮ್ನೆ ಕೂರಿಸಿದ್ರು" ಅಂತ ಗೊಣಗುವವರಿಗೆ ಆ ವಾರದಲ್ಲಿ ಒಳಗೆ ನಡೆದಿರುವುದು ಇದು.

ಹಾಗಾದ್ರೆ ಲಾಭ ಎಷ್ಟು?

ಇಂಗ್ಲೆಂಡಿನ ವೈದ್ಯರು 94 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೇ ಪದ್ಧತಿ, ಇನ್ನೊಂದಕ್ಕೆ ಐ.ಎಂ.ಆರ್.ಟಿ. ಕೊಟ್ಟು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ನಂತರ ಹಳೇ ಪದ್ಧತಿಯವರಲ್ಲಿ ಶೇಕಡಾ 74 ಜನಕ್ಕೆ ಬಾಯಿ ಒಣಗುವ ಗಣನೀಯ ತೊಂದರೆ ಇತ್ತು. ಹೊಸ ಪದ್ಧತಿಯವರಲ್ಲಿ ಶೇಕಡಾ 38. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 60 ರೋಗಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೊಸ ಪದ್ಧತಿಯವರ ಜೊಲ್ಲೇ ಹೆಚ್ಚು ಉಳಿಯಿತು. ಮುಂದೆ 2023ರಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡಿನ 112 ರೋಗಿಗಳ ಅಧ್ಯಯನ, ನುಂಗುವ ಸ್ನಾಯುಗಳನ್ನೂ ಬೇಕೆಂದೇ ಉಳಿಸಿ ಕಿರಣ ಕೊಟ್ಟರೆ ವರ್ಷದ ಮೇಲೆ ಊಟ ಸಲೀಸು ಎಂದು ತೋರಿಸಿತು.

ಇಲ್ಲೊಂದು ಮಾತು ಮುಚ್ಚಿಡಬಾರದು. 2011 ಮತ್ತು 2012ರ ಆ ಎರಡೂ ಅಧ್ಯಯನಗಳಲ್ಲಿ ರೋಗ ಹತೋಟಿಗೆ ಬಂದ ಪ್ರಮಾಣ, ಬದುಕಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಅಂದರೆ ಹೊಸ ಯಂತ್ರ ಕ್ಯಾನ್ಸರನ್ನು ಜಾಸ್ತಿ ಕೊಲ್ಲುತ್ತದೆ ಅಂತಲ್ಲ. ಕೊಂದ ಮೇಲೆ ಮನುಷ್ಯನಿಗೆ ಉಣ್ಣುವ ಬಾಯನ್ನು ಉಳಿಸಿಕೊಡುತ್ತದೆ. ಅದೇನು ಕಡಿಮೆ ಲಾಭವಲ್ಲ. ಆದರೆ ಹೊಸ ಮಿಷನ್ನಿಲ್ಲದ ಊರಿನಲ್ಲಿ ಚಿಕಿತ್ಸೆಯೇ ಬೇಡ ಅಂತ ಕೂತವನು ಮಾತ್ರ ಮೂರ್ಖ.

ಚಿಕಿತ್ಸೆ ನಡೆಯುವಾಗ ಏನೂ ಆಗುವುದಿಲ್ಲ ಎಂಬುದೂ ಸುಳ್ಳು. ಎರಡು ಮೂರನೇ ವಾರಕ್ಕೆ ಬಾಯಿ ಹುಣ್ಣು, ನಾಲಿಗೆಗೆ ರುಚಿ ಇಲ್ಲ, ಗಂಟಲಲ್ಲಿ ಅಂಟಿನಂಥ ಕಫ, ಕುತ್ತಿಗೆಯ ಚರ್ಮ ಕಪ್ಪು. ಕೊನೆಯ ವಾರಗಳಲ್ಲಿ ಪೀಕಲಾಟ ಹೆಚ್ಚು. ಮುಗಿದು ಕೆಲವು ವಾರಗಳಲ್ಲಿ ಹುಣ್ಣು ಮಾಯುತ್ತದೆ, ರುಚಿ ನಿಧಾನಕ್ಕೆ ಬರುತ್ತದೆ. ಜೊಲ್ಲು ತಿಂಗಳುಗಟ್ಟಲೆ ತಗೊಂಡು ಸ್ವಲ್ಪ ಸ್ವಲ್ಪ ವಾಪಸಾಗುತ್ತದೆ.

ಗುರಿ ಸೂಕ್ಷ್ಮವಾದಷ್ಟೂ ತಪ್ಪು ದುಬಾರಿ

ಬೋರ್ಡು ನೋಡಿ ಮರುಳಾಗುವವರಿಗೆ ಈ ಲೆಕ್ಕ. ಹಲವು ದೇಶಗಳಲ್ಲಿ ನಡೆದ ಒಂದು ದೊಡ್ಡ ಔಷಧ ಪ್ರಯೋಗದ ಕಾಗದಪತ್ರಗಳನ್ನು ತಜ್ಞರು ಮತ್ತೆ ತಿರುವಿ ಹಾಕಿ 2010ರಲ್ಲಿ ಒಂದು ವರದಿ ಕೊಟ್ಟರು. ಕಿರಣದ ಲೆಕ್ಕದಲ್ಲಿ ದೊಡ್ಡ ಲೋಪವಿದ್ದ ರೋಗಿಗಳಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ಶೇಕಡಾ 50. ಲೆಕ್ಕ ಸರಿಯಿದ್ದವರಲ್ಲಿ ಶೇಕಡಾ 70. ಆ ಪ್ರಯೋಗದ ಹೊಸ ಔಷಧಿಯಿಂದ ಆದ ಲಾಭ ಅಷ್ಟಕ್ಕಷ್ಟೇ. ಗೆರೆ ಎಳೆದ ಕೈಯಿಂದ ಆದ ವ್ಯತ್ಯಾಸವೇ ದೊಡ್ಡದು. ಕಡಿಮೆ ರೋಗಿಗಳನ್ನು ನೋಡುವ ಆಸ್ಪತ್ರೆಗಳಲ್ಲಿ ಲೋಪ ಹೆಚ್ಚು ಎಂಬುದೂ ಅದರಲ್ಲೇ ಕಂಡುಬಂತು.

ಆದ್ದರಿಂದ "ನಿಮ್ಮಲ್ಲಿ ಯಾವ ಕಂಪನಿ ಮಿಷನ್ನು ಸಾರ್?" ಅಂತ ಕೇಳುವುದಕ್ಕಿಂತ, "ವರ್ಷಕ್ಕೆ ಇಂಥ ಎಷ್ಟು ಕೇಸು ನೋಡ್ತೀರಿ, ಮಿಷನ್ನು ಕೆಟ್ರೆ ಏನು ವ್ಯವಸ್ಥೆ?" ಅಂತ ಕೇಳುವುದು ಜಾಣತನ. ಕೇಳಲು ನಾಚಿಕೆಪಡುವುದೇನೂ ಬೇಡ. ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುವವರು ಪ್ರಾಣದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ಯಾಕೆ?

ಸೊಸೆಯ ಸೀಮಂತಕ್ಕೂ ರಜಾ ಇಲ್ಲ

ಇನ್ನು ಜಿಲ್ಲೆಯ ಜನ ಎಡವುವ ಮುಖ್ಯ ಜಾಗಕ್ಕೆ ಬರೋಣ. ಅಡಿಕೆ ಸೀಮೆಯ ಯಾವ ಹಳ್ಳಿಗೆ ಹೋದರೂ ಇಂಥ ಒಬ್ಬ ಗೌಡರು ಸಿಕ್ಕಾರು. ಹದಿನೈದು ಸಲ ಕರೆಂಟು ಆಯ್ತು. ದನಿ ಸ್ವಲ್ಪ ತಿಳಿಯಾಯ್ತು, ಗಂಟು ಕರಗಿದಂತೆ ಕಂಡಿತು. ಅಷ್ಟರಲ್ಲಿ ಅಡಿಕೆ ಕೊಯ್ಲು ಬಂತು.

"ಒಂದು ವಾರ ಊರಿಗೆ ಹೋಗಿ ಬರ್ತೀನಿ ಡಾಕ್ಟ್ರೆ. ಕೊನೆಗಾರ ಸಿಗೋದೇ ಕಷ್ಟ."

"ಬೇಡ ಗೌಡ್ರೆ."

"ಬಂದು ಆ ಒಂದು ವಾರದ್ದನ್ನ ಸೇರಿಸಿ ಹಾಕಿಸ್ಕೊಳ್ತೀನಲ್ಲ!"

ಇದೇ ಗೌಡರ ಲೆಕ್ಕದ ತಪ್ಪು. ಏಟು ತಿಂದ ಕ್ಯಾನ್ಸರ್ ಕೋಶಗಳು ಸುಮಾರು ನಾಲ್ಕನೇ ವಾರದ ಹೊತ್ತಿಗೆ ಹಠಕ್ಕೆ ಬಿದ್ದಂತೆ ಬೇಗ ಬೇಗ ಮರಿ ಹಾಕತೊಡಗುತ್ತವೆ. ಕಳೆ ಕಿತ್ತ ತೋಟವನ್ನು ಮಳೆಯಲ್ಲಿ ವಾರ ಬಿಟ್ಟರೆ ಏನಾಗುತ್ತದೆಂದು ಗೌಡರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇಕಡಾ 1ರಿಂದ 1.4ರಷ್ಟು ಇಳಿಯುತ್ತದೆ ಎಂಬುದು ಹಲವು ಅಧ್ಯಯನಗಳ ಸರಾಸರಿ. ವಾರ ಕಳೆದರೆ ಹತ್ತಿರ ಹತ್ತಿರ ಶೇಕಡಾ 10. ಕೊನೆಯಲ್ಲಿ ವಾರ ಸೇರಿಸಿದರೆ 35 ತುಂಬುತ್ತದೆ, ಆದರೆ ಕಳೆದ ದಿನಗಳು ತುಂಬುವುದಿಲ್ಲ.

ಇದಕ್ಕೆ ಉಲ್ಟಾ ಪುರಾವೆಯೂ ಇದೆ. ಡೆನ್ಮಾರ್ಕಿನವರು ಡೋಸು ಅಷ್ಟೇ ಇಟ್ಟು, ವಾರಕ್ಕೆ ಐದರ ಬದಲು ಆರು ಸಲ ಕೊಟ್ಟು ಒಂದು ವಾರ ಮೊದಲೇ ಮುಗಿಸಿ ನೋಡಿದರು. 2003ರಲ್ಲಿ ಬಂದ ಫಲಿತಾಂಶ: ರೋಗ ಹತೋಟಿಯಲ್ಲಿದ್ದವರು ಶೇಕಡಾ 60ರಿಂದ 70ಕ್ಕೆ ಏರಿದರು. ಶ್ರೀಮಂತ ದೇಶದ ಮಾತು ಅಂತ ತಳ್ಳಿಹಾಕುವಂತಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಬಡ ಮತ್ತು ಮಧ್ಯಮ ದೇಶಗಳ ಒಂಬತ್ತು ಕೇಂದ್ರಗಳಲ್ಲಿ 900 ರೋಗಿಗಳ ಮೇಲೆ ಇದನ್ನೇ ಮಾಡಿಸಿತು. 2010ರಲ್ಲಿ ಬಂದ ಲೆಕ್ಕದಲ್ಲಿ ಐದು ವರ್ಷದ ಹತೋಟಿ ಶೇಕಡಾ 30ರಿಂದ 42ಕ್ಕೆ ಏರಿತ್ತು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಬರೀ ಕ್ಯಾಲೆಂಡರು.

ಹಾಗಾಗಿ ಸೊಸೆಯ ಸೀಮಂತ, ಊರ ಜಾತ್ರೆ, ಕೋರ್ಟಿನ ಕೇಸು ಯಾವುದಕ್ಕೂ ರಜಾ ಇಲ್ಲ. ಯಂತ್ರ ಕೆಟ್ಟರೆ, ಸರ್ಕಾರಿ ರಜಾ ಬಂದರೆ ಶನಿವಾರ ಕೊಡುವುದೋ, ಒಂದೇ ದಿನ ಆರು ಗಂಟೆ ಬಿಟ್ಟು ಎರಡು ಸಲ ಕೊಡುವುದೋ ಆಸ್ಪತ್ರೆಯವರು ಸರಿದೂಗಿಸಬಹುದು. ಅದನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು.

ದುಡ್ಡು, ದಾರಿ, ಮಲಗಲು ಜಾಗ

"ಏಳು ವಾರ ಬೆಂಗಳೂರಲ್ಲಿ ಎಲ್ಲಿರೋದು ಸ್ವಾಮಿ?" ಇದು ನ್ಯಾಯವಾದ ಪ್ರಶ್ನೆ. ಯಂತ್ರದ ಮೇಲೆ ಇರುವುದು ದಿನಕ್ಕೆ ಹತ್ತು ಹದಿನೈದು ನಿಮಿಷ. ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆ ಕಳೆಯುವುದೇ ಬಡವನ ನಿಜವಾದ ಕಾಯಿಲೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟವರನ್ನು ಬೈಯುವ ಮೊದಲು ಲಾಡ್ಜಿನ ಬಾಡಿಗೆ, ಜೊತೆಗಾರನ ಕೂಲಿ ನಷ್ಟ ಲೆಕ್ಕ ಹಾಕಬೇಕು.

ಕಿರಣದ ಖರ್ಚಿಗೆ ದಾರಿ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಅದರಲ್ಲಿ ಸೇರಿದೆ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿರಬೇಕು. ಚೀಟಿ ಇಲ್ಲದೆ ರಾತ್ರೋರಾತ್ರಿ ಬಸ್ಸು ಹತ್ತಿ, ಅಲ್ಲಿ ಕೌಂಟರಿನಿಂದ ವಾಪಸು ಬಂದು ಮತ್ತೆ ಹೋಗುವುದರಲ್ಲಿ ವಾರ ಕಳೆದುಹೋಗುತ್ತದೆ.

ರೈಲಿನ ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ.ಯಲ್ಲಿ ಟಿಕೇಟಿನ ದರ ಪೂರಾ ಮಾಫಿ, ಜೊತೆಗಾರ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ. ಆಸ್ಪತ್ರೆಯವರು ಸಹಿ ಹಾಕಿದ ನಮೂನೆ ಕೌಂಟರಿಗೆ ಕೊಡಬೇಕು. ಬೆಂಗಳೂರೇ ಆಗಬೇಕೆಂದೂ ಇಲ್ಲ. ಹುಬ್ಬಳ್ಳಿ, ಮಣಿಪಾಲ, ಮೈಸೂರುಗಳಲ್ಲೂ ಕಿರಣದ ಯಂತ್ರಗಳಿವೆ, ಕಲಬುರಗಿಯಲ್ಲಿ ಕಿದ್ವಾಯಿಯದೇ ಕೇಂದ್ರ ಇದೆ. ನೆಂಟರು ಇರುವ ಊರಿನಲ್ಲಿ, ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾಡಿಸಿಕೊಂಡರೆ ಅರ್ಧ ಭಾರ ಇಳಿದಂತೆ.

ಹೋಗುವ ಮೊದಲು ಹಲ್ಲು, ಹೋದ ಮೇಲೆ ಗಂಜಿ

ಕರೆಂಟು ಶುರುವಾಗುವ ಮೊದಲೇ ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸಬೇಕು. ಹುಳುಕು ಹಲ್ಲು ಕೀಳಿಸುವುದಿದ್ದರೆ ಆಗಲೇ ಕೀಳಿಸಿ, ಗಾಯ ಮಾಯಲು ಹದಿನೈದು ದಿನ ಬಿಡಬೇಕು. ಕಿರಣ ತಿಂದ ದವಡೆಯಿಂದ ಆಮೇಲೆ ಹಲ್ಲು ಕಿತ್ತರೆ ಮೂಳೆಯೇ ಕೊಳೆಯುವ ಅಪಾಯ ವರ್ಷಗಟ್ಟಲೆ ಇರುತ್ತದೆ. ಊರಿನ ದಂತವೈದ್ಯರಿಗೆ "ನಂಗೆ ಕರೆಂಟು ಆಗಿದೆ" ಅಂತ ಹೇಳದೆ ಕುರ್ಚಿಯ ಮೇಲೆ ಕೂರಬಾರದು.

ಊಟ ಬಿಟ್ಟವನು ಸೊರಗುತ್ತಾನೆ, ಸೊರಗಿದವನ ಮುಖವಾಡ ಸಡಿಲವಾಗುತ್ತದೆ, ಮುಖವಾಡ ಸಡಿಲವಾದರೆ ಗುರಿ ತಪ್ಪುತ್ತದೆ. ಆಗ ಹೊಸ ಸ್ಕ್ಯಾನ್, ಹೊಸ ಲೆಕ್ಕ, ಮತ್ತೆ ದಿನಗಳು. ಆದ್ದರಿಂದ ಖಾರ ಬಿಟ್ಟು ರಾಗಿ ಅಂಬಲಿ, ಬೇಳೆ ಕಟ್ಟು, ಹಾಲು, ಮೊಟ್ಟೆ, ಮೆತ್ತನೆ ಅನ್ನ ಏನಾದರೂ ಹೊಟ್ಟೆಗೆ ಹೋಗುತ್ತಿರಬೇಕು. ನುಂಗಲಾಗದಿದ್ದರೆ ಮೂಗಿನಿಂದ ನಳಿಕೆ ಹಾಕುತ್ತಾರೆ. ಅದಕ್ಕೆ "ಕೊನೆಗಾಲ ಬಂತು" ಅಂತ ಹೆಂಗಸರು ಅಳುವುದು ಬೇಡ. ಹುಣ್ಣು ಮಾಯ್ದ ಮೇಲೆ ತೆಗೆಯುವ ನಳಿಕೆ ಅದು. ಉಪ್ಪು, ಅಡುಗೆ ಸೋಡಾ ಹಾಕಿದ ಉಗುರುಬೆಚ್ಚನೆ ನೀರಿನಲ್ಲಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ಕಪ್ಪಾದ ಚರ್ಮಕ್ಕೆ ಅರಿಶಿನ, ಎಣ್ಣೆ, ನಾಟಿ ಲೇಪ ಬೇಡವೇ ಬೇಡ. ದವಡೆ ಬಿಗಿಯದಂತೆ ಬಾಯಿ ತೆರೆಯುವ ವ್ಯಾಯಾಮ ದಿನವೂ ಬೇಕು. ಎಲ್ಲ ಮುಗಿದು ವರ್ಷ ಕಳೆದ ಮೇಲೂ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಕುತ್ತಿಗೆಗೆ ಕಿರಣ ಬಿದ್ದವರಲ್ಲಿ ಅದು ಮೆಲ್ಲಗೆ ಮಂಕಾಗುವುದುಂಟು.

ಮತ್ತೆ ಬೀಡಿ! ಆಸ್ಪತ್ರೆಯ ಕಾಂಪೌಂಡಿನ ಹಿಂದೆ ನಿಂತು ಮುಖವಾಡದ ಗುರುತು ಮಾಸುವ ಮೊದಲೇ ಒಂದು ದಮ್ಮು ಎಳೆಯುವವರಿದ್ದಾರೆ. ಕೆನಡಾದಲ್ಲಿ 115 ರೋಗಿಗಳನ್ನು ನೋಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಿಕಿತ್ಸೆಯ ಕಾಲದಲ್ಲೂ ಸೇದುತ್ತಿದ್ದವರಲ್ಲಿ ಎರಡು ವರ್ಷ ಬದುಕಿದವರು ಶೇಕಡಾ 39, ಸೇದದವರಲ್ಲಿ 66. ಕೋಟಿ ರೂಪಾಯಿಯ ಯಂತ್ರ ಮಾಡಿದ ಕೆಲಸವನ್ನು ಒಂದು ಕಟ್ಟು ಬೀಡಿ ಕೆಡಿಸುತ್ತದೆ.

ಅಡಿಕೆ ಸೀಮೆಯ ಅಪ್ರಿಯ ಮಾತು

2022ರ ಲೆಕ್ಕದಲ್ಲಿ ಭಾರತದ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಬಾಯಿಯದೇ ಮೊದಲ ಸ್ಥಾನ. ಆ ಒಂದು ವರ್ಷ ಜಗತ್ತಿನಲ್ಲಿ ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಸುಮಾರು 1,20,200, ಅದರಲ್ಲಿ ಭಾರತದ ಪಾಲು 83,400. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಮಗಳ ಮದುವೆ, ಮಗನ ಕಾಲೇಜು ನಡೆಯುವ ಜಿಲ್ಲೆಯಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ. ಬೆಳೆಗಾರನ ಹೊಟ್ಟೆಪಾಡು ನಿಜ. ಜಗಿಯುವವನ ಗಂಟಲೂ ನಿಜ.

2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಯವರು ಏನು ಕಡಿಮೆಯೇ? ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ. ಎರಡನ್ನೂ ಅಂಗೈಯಲ್ಲಿ ಸೇರಿಸಿ ಬಾಯಿಗೆ ಹಾಕಿಕೊಂಡರೆ ಕಾನೂನಿಗೂ ತೃಪ್ತಿ, ನಾಲಿಗೆಗೂ ತೃಪ್ತಿ!

ಮೂರು ವಾರವಾದರೂ ಮಾಯದ ಬಾಯಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರಾ ತೆರೆಯಲಾಗದಿರುವುದು, ಮೂರು ವಾರ ದಾಟಿದ ಗೊಗ್ಗರು ದನಿ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು: ಇವುಗಳಲ್ಲಿ ಒಂದಿದ್ದರೂ ತಡಮಾಡುವಂತಿಲ್ಲ. ನೋವಿಲ್ಲ ಅಂತ ಸುಮ್ಮನಿರುವವನೇ ಮೋಸ ಹೋಗುವುದು. ಶುರುವಿನಲ್ಲೇ ಸಿಕ್ಕ ದನಿಪೆಟ್ಟಿಗೆಯ ಕ್ಯಾನ್ಸರಿಗೆ ಬರೀ ಕಿರಣ ಸಾಕು, ದನಿಯೂ ಉಳಿಯುತ್ತದೆ. ತಡವಾದರೆ ಕಿರಣದ ಜೊತೆ ಕೀಮೋ ಸೂಜಿ, ಇಲ್ಲವೇ ಕತ್ತಿ.

ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಹತ್ತರ ಬಸ್ಸು ಹೊರಡುತ್ತದೆ. ಮಫ್ಲರಿನ ಯಜಮಾನರು ಕಿಟಕಿಗೆ ತಲೆಯಾನಿಸಿದ್ದಾರೆ. ಪಕ್ಕದಲ್ಲಿ ಹೆಂಡತಿ ಮಡಿಲಲ್ಲಿ ಗಂಜಿಯ ಫ್ಲಾಸ್ಕು, ಸೆರಗಿನ ಗಂಟಿನಲ್ಲಿ ರೇಷನ್ ಕಾರ್ಡು. ಇಪ್ಪತ್ತೆರಡು ಆಯ್ತು, ಇನ್ನು ಹದಿಮೂರು ಬಾಕಿ ಅಂತ ಆಕೆ ಬೆರಳು ಮಡಿಸಿ ಎಣಿಸಿಕೊಳ್ಳುತ್ತಾಳೆ. ಭಾನುವಾರ ಒಂದು ರಾತ್ರಿಗೆ ಊರಿಗೆ ಬಂದು ಸೋಮವಾರ ಬೆಳಿಗ್ಗೆಗೆ ಮತ್ತೆ ಮುಖವಾಡದ ಕೆಳಗೆ ಹಾಜರಿ. ಬಸ್ಸಿನ ಹಿಂದಿನ ಗೂಡಂಗಡಿಯಲ್ಲಿ ಇನ್ನೂ ಮೀಸೆ ಮೂಡದ ಹುಡುಗನೊಬ್ಬ ಎರಡು ಚೀಟು ಹರಿದು ಅಂಗೈಗೆ ಸುರಿದುಕೊಳ್ಳುತ್ತಿದ್ದಾನೆ.